ಒಸರು ನಿಂತ ಒಡ್ಡು

ಗೂಳಿಹಳ್ಳದ ಒಡ್ಡು ಒಸರುವುದನ್ನು ನಿಲ್ಲಿಸಿ ಅಂದಿಗೆ ನಲವತ್ತೊಂದು ದಿನ. ಅರಳೀನಾಳದ ಜನ ಅದನ್ನು ಹೋದಬಂದಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಒಡ್ಡಿನ ಕಾವಲಿಗಿದ್ದ ದಾಕ್ಷಾಯಣಿಗೆ ಮಾತ್ರ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಬೆಳಗಾದರೆ ಒಡ್ಡಿನ ಪಾದದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂರುವಳು. ಮೂರು ವರ್ಷ ಕಿವಿಗೆ ಬಿದ್ದು ಬಿದ್ದು ಜೊತೆಗಾತಿಯಂತಾಗಿದ್ದ ಆ ತೊಟ್ ತೊಟ್ ಸದ್ದಿಲ್ಲ. ಕಲ್ಲುಗಳು ಒಣಗಿ ಬೂದಿ ಬಳಿದ ಹಾಗೆ ಬೆಳ್ಳಗಾಗಿವೆ. ಎದ್ದು ಬರುವಳು, ಅರ್ಧ ದಾರಿಯಲ್ಲಿ ನಿಲ್ಲುವಳು, ಮತ್ತೆ ತಿರುಗಿ ಹೋಗಿ ನೋಡುವಳು.

"ಏ ದಾಕ್ಷವ್ವಾ! ಇಲ್ಲಿ ಬಾ ಬೇ. ನಿನ್ನ ಒಡ್ಡು ನನ್ನ ಎಮ್ಮಿಗೆ ಹಬ್ಬ ಮಾಡೇತಿ ನೋಡ!"

ಒಡ್ಡಿನ ಹಿಂಬದಿಯ, ಊರ ಕಡೆಯ ಇಳಿಜಾರಿನಲ್ಲಿ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದವಳು ಖಾದರಬಿ. ಹೆಂಗಸು ಬಾಯಿ ತೆಗೆದರೆ ಆಚೆ ಓಣಿಗೂ ಕೇಳಬೇಕು. ದಾಕ್ಷಾಯಣಿ ತಲೆಯೆತ್ತಿದಳು. ಇಳಿಜಾರಿನ ಹುಲ್ಲೆಲ್ಲ ಬಿಸಿಲಿಗೆ ಕೆಂಪಾಗಿತ್ತು. ಎರಡಾಳೆತ್ತರದಲ್ಲಿ ಮಾತ್ರ ಸೀರೆಯ ಅಂಚಿನಂತೆ ಉದ್ದಕ್ಕೆ ಒಂದು ಹಸಿರು ಪಟ್ಟಿ. ಅದೂ ಬರೀ ಹುಲ್ಲಲ್ಲ, ಕೆರೆಯಂಚಿನಲ್ಲಿ ಹುಟ್ಟುವ ಜೇಕು.

"ಎಂದಿನಿಂದ ಐತಿ ಇದು, ಖಾದರಬಿ?"

"ಎಂಟ ದಿನಾ ಆತು. ಯಾರಿಗೂ ಹೇಳಬ್ಯಾಡ, ಎಲ್ಲಾರೂ ಎಮ್ಮಿ ಹೊಡಕೊಂಡ ಬಂದಾರು."

ದಾಕ್ಷಾಯಣಿ ಹತ್ತಿ ಹೋಗಿ ಆ ಪಟ್ಟಿಯ ಮೇಲೆ ಬರಿಗಾಲಿಟ್ಟಳು. ಹಿಮ್ಮಡಿ ಹಿಟ್ಟಿನಲ್ಲಿ ಇಳಿದಂತೆ ಇಳಿಯಿತು. ಕಾಲೆತ್ತಿದಾಗ ಹೆಜ್ಜೆಯ ಗುಳಿಯಲ್ಲಿ ನೀರು ಮೆಲ್ಲಗೆ ಮೇಲೆ ಬಂತು. ಪಾದದಲ್ಲಿ ಹನಿಯಿಲ್ಲ, ನಡುವಿನಲ್ಲಿ ನೀರು! ಕೆಳಗೆ ಹೋಗಬೇಕಾದ ನೀರು ಹೋಗಲು ದಾರಿಯಿಲ್ಲದೆ ಒಡ್ಡಿನ ಹೊಟ್ಟೆಯೊಳಗೇ ಮೇಲೇರಿದೆ.

"ಎಮ್ಮಿ ಇಳಿಸ, ಖಾದರಬಿ. ಮತ್ತ ಇಲ್ಲಿ ಹತ್ತಸಬ್ಯಾಡ."

"ಅಯ್ಯ, ಹುಲ್ಲಿಗೂ ನಿಂದ ಕಾವಲೇನ?" ಎಂದು ಖಾದರಬಿ ಮೂಗು ಮುರಿದಳು. ಆದರೆ ದಾಕ್ಷಾಯಣಿಯ ಮುಖ ನೋಡಿ ತೆಪ್ಪಗೆ ಹಗ್ಗ ಜಗ್ಗಿದಳು.

ಅದು ದೊಡ್ಡ ಅಣೆಕಟ್ಟೇನಲ್ಲ. ಮೂವತ್ತೆಂಟು ಅಡಿ ಎತ್ತರದ ಮಣ್ಣಿನ ಒಡ್ಡು. ಹೊಲಕ್ಕೆ ನೀರುಣಿಸಲು ಕಟ್ಟಿದ್ದೂ ಅಲ್ಲ. ಮೇಲಿನ ಸೀಮೆಯಲ್ಲಿ ಮಳೆ ಸುರಿದಾಗ ಗೂಳಿಹಳ್ಳ ಊರೊಳಗೆ ನುಗ್ಗುತ್ತಿತ್ತು. ಆ ನೀರನ್ನು ತಡೆದು, ಸಣ್ಣ ತೂಬಿನಿಂದ ಸಾವಕಾಶ ಬಿಡುವುದೇ ಅದರ ಕೆಲಸ. ಅದು ಎದ್ದ ಮೇಲೆ ಅರಳೀನಾಳದ ನೂರನಲವತ್ತು ಮನೆಗಳು ಮಳೆಗಾಲದಲ್ಲೂ ನಿದ್ದೆ ಮಾಡುವುದನ್ನು ಕಲಿತಿದ್ದವು.

ಮಣ್ಣಿನ ಒಡ್ಡಿಗೆ ಬಿರುಕಿನ ಕಾಟ ತಪ್ಪಿದ್ದಲ್ಲ. ಅದಕ್ಕೆ ಸರಕಾರ ಮೂರು ವರ್ಷದ ಕೆಳಗೆ ಹೊಸ ಮದ್ದು ತಂದಿತ್ತು. ಮಣ್ಣಿನೊಳಗೆ ಕಣ್ಣಿಗೆ ಕಾಣದ ಜೀವಾಣುಗಳನ್ನು ಬಿಟ್ಟರು. ಬೆಲ್ಲದ ನೀರು, ಯೂರಿಯಾ ಗೊಬ್ಬರ ಸಿಕ್ಕರೆ ಅವು ತಿಂದು ಹೆಚ್ಚುತ್ತವೆ. ಹೆಚ್ಚಿದಲ್ಲೆಲ್ಲ ಸುಣ್ಣ ಕಟ್ಟುತ್ತವೆ. ಬಿರುಕು ಬಿಟ್ಟರೆ ಒಡ್ಡು ತನ್ನ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ನೆತ್ತಿಯ ಮೇಲಿನ ಟಾಕಿಯಿಂದ ಕೊಳವೆಗಳಲ್ಲಿ ದಿನಕ್ಕೆ ಎಂಟು ಲೀಟರ್ ಉಣಿಸಿದರೆ ಸಾಕು, ಹೆಚ್ಚು ಬೇಡ ಎಂದಿದ್ದರು.

ಊರು ಒಪ್ಪಿರಲಿಲ್ಲ. "ಮಣ್ಣಾಗ ಹುಳ ಬಿಡ್ತಾರಂತ! ನಾಳೆ ನಮ್ಮ ಮನಿ ಗ್ವಾಡಿ ತಿಂತಾವು," ಎಂದು ಬಡಿಗೆ ಹಿಡಿದು ದಾರಿ ಕಟ್ಟಿದ್ದರು. ಆಗ ಮುಂದೆ ಬಂದವಳು ದಾಕ್ಷಾಯಣಿ. ಅಜ್ಜಿಯ ಸೆರಗಿನೊಳಗೆ ಕಥೆ ಕೇಳುತ್ತ ಬೆಳೆದ ಹುಡುಗಿ, ಮದುವೆಯಾಗಿ ಈ ಊರಿಗೆ ಬಂದ ಮೇಲೂ ಮೋಡ ಕಂಡರೆ ಬಾಯಿ ತೆರೆದು ನಿಲ್ಲುವಾಕೆ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಹೇಳಿದ್ದಳು: "ಒಡ್ಡು ಅಂದ್ರ ಊರ ಮಗಳು. ಮಳಿಗಾಲಕ್ಕ ಬಸುರಾಗಿ ತವರಿಗೆ ಬರ್ತಾಳ. ಹೊಟ್ಟಿ ತುಂಬ ನೀರು. ಆಕಿಗೆ ಬೆಲ್ಲದ ಬಯಕಿ, ಗೊಬ್ಬರದ ಬಯಕಿ. ಕೊಟ್ಟರ ಊರು ಕಾಯ್ತಾಳ."

ಕಥೆ ಗೆದ್ದಿತು. ಬಡಿಗೆಗಳು ಕೆಳಗಿಳಿದವು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಬಸುರಿ ಮಗಳಿಗೆ ಸೀಮಂತದ ಕುಬಸ ಮಾಡದೆ ಇರುವುದುಂಟೆ? ಈ ಶ್ರಾವಣದಲ್ಲಿ ಹೆಂಗಸರು ಒಡ್ಡಿನ ಪಾದದ ಕಲ್ಲುಗಳಿಗೆ ಹಸಿರು ಸೀರೆ ಹೊದಿಸಿ, ಹಸಿರು ಬಳೆಯಿಟ್ಟು, ಉಡಿ ತುಂಬಿದರು. ಅಂದಿನಿಂದ ಮಂಗಳವಾರಕ್ಕೊಮ್ಮೆ ಮನೆಗೊಂದು ಕೊಡ ಬೆಲ್ಲದ ಪಾನಕ, ಅದಕ್ಕೊಂದು ಮುಷ್ಟಿ ಯೂರಿಯಾ. ನೆತ್ತಿಯ ಮೇಲೆ ಸುರಿದರೆ ಮರ್ಯಾದೆಯಲ್ಲವೆಂದು ಪಾದಕ್ಕೇ ಸುರಿದರು. ಆ ಜಾಗಕ್ಕೆ ಗಂಡಸರು ಕಾಲಿಡಬಾರದು, ಸೀಗೆ ಹುಣ್ಣಿಮೆ ಕಳೆಯುವ ತನಕ ಕಬ್ಬಿಣ ಮುಟ್ಟಿಸಬಾರದು ಎಂಬ ಕಟ್ಟಳೆಯೂ ಹುಟ್ಟಿತು. ಹತ್ತು ಮಂಗಳವಾರ, ವಾರವಾರವೂ ನೂರನಲವತ್ತು ಕೊಡ. ಮೊದಲ ಕೊಡ ಸುರಿದವಳು ದಾಕ್ಷಾಯಣಿಯೇ.

ಪಾದದಲ್ಲೇ ಇತ್ತು ಒಸರಿನ ಕಾಲುವೆ. ಒಡ್ಡಿನೊಳಗೆ ಇಂಗಿದ ನೀರು ಮಣ್ಣನ್ನು ಕೊಂಡೊಯ್ಯದೆ ಹೊರಬರಲೆಂದು ಉಸುಕು, ಜಲ್ಲಿಯ ಕಡಿ, ಗುಂಡುಕಲ್ಲು ಹಾಕಿ ಮಾಡಿದ ದಾರಿ ಅದು.

ಬಿಸಿಲೇರುವ ಹೊತ್ತಿಗೆ ಅವಳು ಗಂಡ ಮೌನೇಶನ ಬೈಕಿನ ಹಿಂದೆ ಕೂತು ತಾಲೂಕಿನ ನಿಯಂತ್ರಣ ಕೊಠಡಿಗೆ ಬಂದಿದ್ದಳು. ಗೋಡೆಯಗಲದ ಪರದೆಯ ಮೇಲೆ ಹನ್ನೊಂದು ಒಡ್ಡುಗಳು ಹಸಿರು ದೀಪ ಹಚ್ಚಿಕೊಂಡಿದ್ದವು. ಎಲ್ಲದಕ್ಕಿಂತ ಮೇಲೆ ಗೂಳಿಹಳ್ಳ. ಒಸರು: ಸೊನ್ನೆ. ಆರೋಗ್ಯ: ಅತ್ಯುತ್ತಮ.

"ಬರ್ರಿ ಬರ್ರಿ, ಒಂದನೇ ನಂಬರಿನವರು!" ಎಂಜಿನಿಯರ್ ಅಂದಾನಪ್ಪ ಹೊಸಮನಿ ಕುರ್ಚಿ ಸರಿಸಿದ. "ಚಾ ತರಸ್ಲ್ಯಾ? ಇವತ್ತ ಯಾವ ಕಥಿ?"

"ಕಥಿ ಅಲ್ಲರಿ ಸಾಹೇಬ್ರ. ಒಡ್ಡಿನ ನಡುವ ಜೇಕು ಬಂದೈತಿ. ಕಾಲಿಟ್ಟರ ನೀರು ಬರ್ತೈತಿ."

ಅವನ ನಗೆ ಅರ್ಧಕ್ಕೆ ನಿಂತಿತು. "ಹಂಗ ಇರಾಕ ಬರಂಗಿಲ್ಲಲ್ಲ. ಒಳಗಿನ ಒತ್ತಡ ನೋಡ್ರಿ ಇಲ್ಲೆ. ಮಣ್ಣಾಗ ಹುಗದ ಮೂರೂ ಅಳತಿ ಸಲಾಕಿ ಒಂದ ಅಂಕಿ ತೋರಸ್ತಾವ. ಒಂಚೂರೂ ಏರಿಲ್ಲ."

ದಾಕ್ಷಾಯಣಿ ಪರದೆಯ ಹತ್ತಿರ ಹೋದಳು. ಅಂಕಿಗಳನ್ನು ಓದಿದಳು. ನಿನ್ನೆಯದನ್ನು ಕೇಳಿದಳು, ಹೋದ ವಾರದ್ದನ್ನು ಕೇಳಿದಳು.

"ಹೋದ ಹದಿನೈದ ದಿನದಾಗ ಒಡ್ಡಿಗೆ ನಿಂತ ನೀರು ಹತ್ತ ಅಡಿಯಿಂದ ಇಪ್ಪತ್ತೆರಡ ಅಡಿಗೆ ಏರೇತ್ರಿ. ಹೊಟ್ಟಿ ತುಂಬಿದ ಮನಷ್ಯಾಗೂ ಉಸರ ಒಂದೀಟ ಬ್ಯಾರೆ ಆಗ್ತೈತಿ. ಇದಕ್ಕ ಮಾತ್ರ ಏನೂ ಆಗಿಲ್ಲಂದ್ರ ಹೆಂಗ?"

ಅಂದಾನಪ್ಪ ಕೀಲಿಮಣೆಯ ಮೇಲೆ ಕೈಯಾಡಿಸಿ ಒಡ್ಡಿನೊಳಗಿನ ಮೂರು ಸಲಾಕೆಗಳಿಗೂ ಒಂದೊಂದು ಮಿಡಿತ ಕಳಿಸಿದ. ಒಂದೂ ಮರಳಿ ಬರಲಿಲ್ಲ. ಇನ್ನೊಮ್ಮೆ ಕಳಿಸಿದ. ಇಲ್ಲ. ಜೀವಾಣುಗಳು ಸಲಾಕೆಗಳ ಸುತ್ತಲೂ ಸುಣ್ಣ ಕಟ್ಟಿಬಿಟ್ಟಿದ್ದವು. ಕಡೆಯ ಬಾರಿ ಉಸುರಿದ ಅಂಕಿಯನ್ನೇ ಯಂತ್ರ ದಿನವೂ ಓದಿ, ಏರಿಳಿತವಿಲ್ಲದ್ದೇ ಆರೋಗ್ಯ ಎಂದು ದೀಪ ಹಚ್ಚುತ್ತಿತ್ತು.

"ಹೆಂಗ ಇಷ್ಟ ಸುಣ್ಣ ಕಟ್ಟತು? ನಾವು ಎಂಟ ಲೀಟರ್ ಮ್ಯಾಲ ಒಂದ ಹನಿ ಕೊಟ್ಟಿಲ್ಲ."

ದಾಕ್ಷಾಯಣಿ ಹೇಳಿದಳು. ಕುಬಸ, ಪಾನಕ, ಯೂರಿಯಾ, ಹತ್ತು ಮಂಗಳವಾರ. ಹೇಳುವಾಗ ಅವನ ಕಡೆ ನೋಡಲಿಲ್ಲ.

ಅವನು ಬೈಯುತ್ತಾನೆಂದುಕೊಂಡಿದ್ದಳು. ಅವನು ಎದ್ದು ಇನ್ನೊಂದು ಪರದೆ ತೆರೆದ. ಮೇಲಿನ ಸೀಮೆಯಲ್ಲಿ ಬೆಳಗಿನಿಂದ ಮಳೆ. ನಾಳೆ ಹನ್ನೊಂದರ ಹೊತ್ತಿಗೆ ನೆರೆ ಒಡ್ಡಿಗೆ ಬರುತ್ತದೆ, ನೀರು ಮೂವತ್ತೈದು ಅಡಿಗೆ ನಿಲ್ಲುತ್ತದೆ.

"ಆ ಮೆತ್ತನ ಪಟ್ಟಿ ಜಾರತದ. ಜಾರಿದ್ರ ಒಡ್ಡು ಹೋತು," ಎಂದ. ದನಿ ಸಣ್ಣದಾಗಿತ್ತು. "ಊರು ಖಾಲಿ ಮಾಡಸ್ತೀನಿ. ಜನ ಉಳೀತಾರ. ಮನಿ ಉಳ್ಯಂಗಿಲ್ಲ."

"ಕಾಲುವಿ ಬಿಚ್ಚಿದ್ರ?"

"ಜೆಸಿಬಿ ಇಳಸಾಕ ಬರಂಗಿಲ್ಲ, ಅದರ ಭಾರಕ್ಕ ಪಾದನ ಕುಸೀತದ. ಕೈಲೇ ಬಿಚ್ಚಬೇಕು. ಹಳ್ಳದ ಪಾತ್ರದ ಅರವತ್ತ ಹೆಜ್ಜಿ. ಒಮ್ಮಿಗೆ ಮೂರ ಹೆಜ್ಜಿ ಅಷ್ಟ ತಗೀಬೇಕು. ತಗದ ಕೂಡ್ಲೆ ಉಸುಕು, ಕಡಿ, ಕಲ್ಲು ತುಂಬಿ ಮುಂದ ಹೋಗಬೇಕು. ಒಮ್ಮಿಗೇ ತಗದ್ರ ನಾವ ಒಡ್ಡ ಒಡದಂಗ." ಅವನು ಕನ್ನಡಕ ತೆಗೆದು ಒರೆಸಿದ. "ನೂರು ಕೈ ಬೇಕು, ದಾಕ್ಷಾಯಣವ್ವ. ಕುಬಸ ಮಾಡಿದ ಜಾಗಕ್ಕ ಹಾರಿ ಹಾಕಾಕ ನಿಮ್ಮೂರಾಗ ಯಾರ ಬರ್ತಾರ?"

ಬೈಕಿನ ಮೇಲೆ ಊರಿಗೆ ಮರಳುವಾಗ ಅವಳ ತಲೆಯಲ್ಲಿ ಹೊಸ ಕಥೆಯೊಂದು ತಾನಾಗಿ ನೇಯ್ದುಕೊಳ್ಳತೊಡಗಿತು. ಮಗಳಿಗೆ ದಿನ ತುಂಬಿತು, ಹೆರಿಗೆ ಕಷ್ಟವಾಗಿದೆ, ಕಬ್ಬಿಣ ಮುಟ್ಟಿಸದೆ ಬೇರೆ ದಾರಿಯಿಲ್ಲ. ಎಷ್ಟು ಚೆನ್ನಾಗಿ ಕೂಡುತ್ತಿತ್ತು! ಊರು ಒಂದೇ ಮಾತಿಗೆ ಎದ್ದು ಬಂದೀತು. ಆದರೆ ನಾಳೆ, ಬರುವ ವರ್ಷ? ಹೆರಿಗೆಯಾದ ಮೇಲೆ ಬಾಣಂತನ ಎನ್ನುತ್ತಾರೆ. ಖಾರ, ತುಪ್ಪ, ಬೆಲ್ಲ, ಮತ್ತೆ ಕೊಡ. ಅವಳು ಸೀಟಿನ ಮೇಲೆ ಚಡಪಡಿಸಿದಳು. "ನೆಟ್ಟಗ ಕುಂದರ, ಗಾಡಿ ಹೊಯ್ದಾಡತೈತಿ," ಎಂದು ಮೌನೇಶ ಎರಡು ಸಲ ಗದರಿದ.

ಮನೆಯಲ್ಲಿ ಅತ್ತೆ ಗಂಗವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆಸ್ಪತ್ರೆ ಬರುವ ಮುಂಚೆ ಸುತ್ತ ನಾಲ್ಕೂರಿಗೆ ಅವಳೇ ಸೂಲಗಿತ್ತಿ. ಸೊಸೆ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಗಂಗವ್ವ ರೊಟ್ಟಿ ತಿರುವಿ ಹಾಕಿ, ಸುಟ್ಟ ಚುಕ್ಕೆಗಳನ್ನು ನೋಡುತ್ತ ಕೂತಳು.

"ಏನ ಹೇಳಾಕಿ ಮಂದಿಗೆ?"

"ಖರೇನ ಹೇಳ್ತೀನಿ, ಅತ್ತಿ."

"ಹೇಳ ಹಂಗಾರ. ರೊಟ್ಟಿ ತಿಂದ ಹೋಗು. ಹಸದ ಹೊಟ್ಟಿಲೆ ಖರೇ ಹೇಳಿದ್ರ ದನಿ ನಡಗ್ತೈತಿ."

ಮಧ್ಯಾಹ್ನದ ಬಿಸಿಲಿನಲ್ಲಿ ಹೆಂಗಸರು ಒಡ್ಡಿನ ಪಾದದಲ್ಲಿ ಕೂಡಿದರು. ಗಂಡಸರು ದೂರ, ಬೇಲಿಯಾಚೆ. ಅಂದಾನಪ್ಪನೂ ಅಲ್ಲೇ, ಬೂಟು ಕೈಯಲ್ಲಿ ಹಿಡಿದು ನಿಂತಿದ್ದ. ಕಲ್ಲುಗಳ ಮೇಲಿನ ಹಸಿರು ಸೀರೆ ಬಣ್ಣಗೆಟ್ಟಿತ್ತು.

"ಒಡ್ಡು ಬಸುರಿ ಅಂತ ನಾ ಹೇಳಿದ್ದೆ," ಎಂದಳು ದಾಕ್ಷಾಯಣಿ. "ಅದು ನಾ ಕಟ್ಟಿದ ಕಥಿ. ಇದು ಮಣ್ಣು. ನಾವು ಸುರದ ಪಾನಕಕ್ಕ ಇದರ ನೀರಿನ ದಾರಿ ಕಟ್ಟೇತಿ. ಒಸರು ನಿಂತದ್ದು ಚಲೋ ಆಗಿಲ್ಲ, ಕೆಟ್ಟದಾಗೇತಿ. ತಪ್ಪು ನಂದು. ನಾಳೆ ನೆರಿ ಬರೋದರಾಗ ಬಿಚ್ಚಬೇಕು, ಇಲ್ಲಂದ್ರ ಊರ ಇರಂಗಿಲ್ಲ."

ಖಾದರಬಿ, "ಅಂದ್ರ ಹತ್ತ ಕೊಡ ಪಾನಕ ನನ್ನ ಎಮ್ಮಿಗೆ ಕುಡಿಸಿದ್ರ ಹಾಲರ ಕೊಡತಿತ್ತು!" ಎಂದಳು. ಎಲ್ಲೋ ಒಂದು ನಗೆ ಹುಟ್ಟಿ ಅಲ್ಲೇ ಸತ್ತಿತು.

ಮುಂದೆ ಬಂದವಳು ತಿಪ್ಪವ್ವ. ಅವಳ ಮಗಳು ಮದುವೆಯಾದ ಹನ್ನೊಂದನೆಯ ವರ್ಷಕ್ಕೆ ಈಗ ಮೂರು ತಿಂಗಳ ಬಸುರಿ. ತಿಪ್ಪವ್ವ ಹಸಿರು ಸೀರೆಯ ಮೇಲೆಯೇ ಕೂತುಬಿಟ್ಟಳು.

"ಕಥಿ ಅಂತ ಕಥಿ! ಇಲ್ಲಿ ಉಡಿ ತುಂಬಿದ ತಿಂಗಳಿಗೆ ನನ್ನ ಮಗಳಿಗೆ ಖರೇ ಆತು ಅಂತ ತಿಳೀತು. ಇಲ್ಲಿ ಹಾರಿ ಹಾಕ್ತೀರಿ? ನಿನ್ನ ಕಥಿ ಸುಳ್ಳಾದ್ರ ಆಕಿ ಹೊಟ್ಟ್ಯಾಗಿನದೂ ಸುಳ್ಳೇನ?"

ದಾಕ್ಷಾಯಣಿ ಅವಳೆದುರು ಕುಕ್ಕರಿಸಿದಳು. "ಚಿಗವ್ವ, ಆ ಕೂಸು ನಿನ್ನ ಮಗಳದು. ಒಡ್ಡಿಂದಲ್ಲ, ನಂದಲ್ಲ. ಅದಕ್ಕ ಏನೂ ಆಗಂಗಿಲ್ಲ ಅಂತ ಆಣಿ ಮಾಡಾಕ ನಾ ಯಾರು? ಮೊದಲ ಆಕಿನ್ನ ದಿಬ್ಬದ ಸರಕಾರಿ ಸಾಲಿಗೆ ಹತ್ತಸು. ನಿನ್ನ ಮನಿ ಹಳ್ಳದ ದಂಡಿಗೇ ಐತಿ."

ಗಂಗವ್ವ ಕೋಲೂರಿಕೊಂಡು ಮುಂದೆ ಬಂದಳು. "ತಿಪ್ಪಿ, ಎಂಟನೂರ ಹೆರಿಗಿ ಮಾಡಿದಾಕಿ ನಾನು. ನಿನ್ನ ಮಗಳನ್ನೂ ಈ ಕೈಲೆ ತಗದೀನಿ. ಬಸುರಿ ಯಾವುದು, ಮಣ್ಣ ಯಾವುದು ನನಗ ತಿಳಿಯಂಗಿಲ್ಲೇನ? ಮೊದಲಿಂದ ಗೊತ್ತು. ಇಲ್ಲಿ ನಿಂತವರಾಗ ಅರ್ಧಾ ಮಂದಿಗೆ ಗೊತ್ತು."

"ಮತ್ಯಾಕ ಕೊಡ ಹೊತ್ತಿ?"

"ಯಾಕಂದ್ರ? ಮಂಗಳವಾರ ಬಂದ್ರ ಒಂದ ತಾಸು ಒಲಿ ಬಿಟ್ಟು, ಗಂಡನ್ನ ಬಿಟ್ಟು, ಎಲ್ಲಾರೂ ಇಲ್ಲಿ ಕೂಡಿ ನಗತಿದ್ದಿವಿ. ಅಂಥಾದ್ದೊಂದ ನೆಪ ಯಾರ ಬಿಟ್ಟಾರ?" ಗಂಗವ್ವ ಬಾಗಿ ಸೀರೆಯ ಸೆರಗು ಹಿಡಿದಳು. "ಏಳ. ಇದನ್ನ ಮಡಚೋಣು."

ತಿಪ್ಪವ್ವ ಎದ್ದಳು. ಮಡಚಲು ಕೈ ಹಚ್ಚಲಿಲ್ಲ. ಯಾರ ಮುಖವನ್ನೂ ನೋಡದೆ ಊರ ಕಡೆ ನಡೆದುಹೋದಳು.

ಮೊದಲ ಹಾರೆ ಹಾಕಿದವಳು ದಾಕ್ಷಾಯಣಿ. ಠಣ್ಣೆಂದು ಪುಟಿಯಿತು. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಸುಣ್ಣದ ಪೊರೆ ನೋಡಿದ್ದೀರಲ್ಲ, ಅಂಥದ್ದು ಗೇಣು ದಪ್ಪವಾಗಿ ಕಲ್ಲಿಗೆ ಕಲ್ಲನ್ನು ಬೆಸೆದಿತ್ತು. ಬೆಲ್ಲದ ಹುಳಿ ವಾಸನೆ ಮೂಗಿಗೆ ಬಡಿಯಿತು. ಮೂರು ಹೆಜ್ಜೆ ಒಡೆದು ತೆಗೆಯುವುದು, ಬುಟ್ಟಿ ಬುಟ್ಟಿ ಉಸುಕು ಸುರಿಯುವುದು, ಮೇಲೆ ಕಡಿ, ಅದರ ಮೇಲೆ ಕಲ್ಲು. ಮತ್ತೆ ಮೂರು ಹೆಜ್ಜೆ. ಬೇಲಿಯಾಚೆಗೆ ಮೌನೇಶನ ಟ್ರ್ಯಾಕ್ಟರ್ ಉಸುಕು ತಂದು ತಂದು ಸುರುವಿತು. ಮೂರನೆಯ ಟ್ರಿಪ್ಪಿಗೆ ಗಂಗವ್ವ, "ಏ ಗಂಡಸೂರ, ಅಲ್ಲೇ ಗೂಟದಂಗ ಯಾಕ ನಿಂತೀರಿ? ಕಟ್ಟಳಿ ಮುಗದೈತಿ, ಬರ್ರಿ," ಎಂದು ಕೂಗಿದ ಮೇಲೆ ಅವರೂ ಇಳಿದರು. ಏಳನೆಯ ಗುಂಡಿಯಲ್ಲಿ ಕಲ್ಲಿನ ಸಂದಿಯಿಂದ ನೀರಿನ ಮೊದಲ ಎಳೆ ಬಂತು. ಎಲ್ಲರೂ ಕೈ ಬಿಟ್ಟು ನೋಡಿದರು.

"ತಿಳಿ ಇದ್ರ ಚಲೋ," ಎಂದ ಅಂದಾನಪ್ಪ. "ಕರೀದು ಬಂದ್ರ ಒಳಗಿನ ಮಣ್ಣ ಕೊಚ್ಚಿ ಬರಾಕತ್ತೈತಿ ಅಂತ ಅರ್ಥ. ಆಗ ಎಲ್ಲಾ ಬಿಟ್ಟು ಓಡಬೇಕು."

ಎಳೆ ತಿಳಿಯಾಗಿತ್ತು.

ಕತ್ತಲಾಗುವಷ್ಟರಲ್ಲಿ ನಲವತ್ತು ಹೆಜ್ಜೆ ಮುಗಿದಿತ್ತು. ಉಳಿದದ್ದನ್ನು ಬೆಳಕು ಹರಿಯುತ್ತಲೇ ಹಿಡಿದರು. ಹತ್ತೂವರೆಗೆ ಸೈರನ್ ಕೂಗಿತು. ಅಂದಾನಪ್ಪ ಎಲ್ಲರನ್ನೂ ದಿಬ್ಬದ ಶಾಲೆಗೆ ಅಟ್ಟಿದ. ಕಡೆಯ ಮೂರು ಹೆಜ್ಜೆ ಅವಸರದಲ್ಲಿ ತುಂಬಿದ್ದು, ಉಸುಕು ಸಾಲದೆ ಬಂದಿತ್ತು. ಅದು ದಾಕ್ಷಾಯಣಿಗೆ ಗೊತ್ತಿತ್ತು. ಅವಳು ಹೋಗಲಿಲ್ಲ.

ನೆರೆ ಹೇಳಿದ ಹೊತ್ತಿಗೆ ಬಂತು. ಒಡ್ಡಿನ ಆಚೆ ಏನೋ ದೊಡ್ಡ ಪ್ರಾಣಿ ಮೈ ಉಜ್ಜಿದಂಥ ಸದ್ದು. ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು ಅಡಿ. ಕಾಲುವೆಯ ಉದ್ದಕ್ಕೂ ನೀರು ಜುಳುಜುಳು ಹೊರಟಿತು. ಜೇಕಿನ ಪಟ್ಟಿ ನಡುಗಲಿಲ್ಲ, ಜಾರಲಿಲ್ಲ. ಮೂವತ್ತಮೂರಕ್ಕೆ ಕಡೆಯ ಮೂರು ಹೆಜ್ಜೆಯಲ್ಲಿ ನೀರು ಕಪ್ಪಾಯಿತು.

"ದಾಕ್ಷಾಯಣವ್ವ, ಓಡ್ರಿ!" ಅಂದಾನಪ್ಪ ಅವಳ ರಟ್ಟೆ ಹಿಡಿದು ಎಳೆದ.

ಅವಳು ಕೊಸರಿಕೊಂಡು ಉಳಿದಿದ್ದ ಒಂದೇ ಉಸುಕಿನ ಚೀಲವನ್ನು ಎಳೆದು ಆ ಕಪ್ಪು ಬಾಯಿಯ ಮೇಲೆ ಕೆಡವಿದಳು. ಚೀಲದ ಅಂಚಿನಿಂದ ಇನ್ನೂ ಕಪ್ಪು. ಬರಿಗೈಯಿಂದ ಸುತ್ತಲಿನ ಉಸುಕು ಬಳಿಬಳಿದು ಹಾಕಿದಳು. ಸಾಲುತ್ತಿಲ್ಲ. ಓಡಬೇಕೆಂದು ಕಾಲಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಬೆನ್ನ ಹಿಂದೆ ಯಾರೋ ಏದುಸಿರು ಬಿಡುತ್ತ ಒಂದು ಬುಟ್ಟಿ ಸುರುವಿದರು. ತಿಪ್ಪವ್ವ. ಅವಳ ಹಿಂದೆ ಖಾದರಬಿ, ಅವಳ ಹಿಂದೆ ಇಳಿಜಾರಿನ ಉದ್ದಕ್ಕೂ ಇರುವೆ ಸಾಲಿನಂತೆ ಬುಟ್ಟಿಗಳು. ಶಾಲೆಯ ಹೊಸ ಕೋಣೆ ಕಟ್ಟಲೆಂದು ರಾಶಿ ಹಾಕಿದ್ದ ಉಸುಕನ್ನೇ ತುಂಬಿ ತಂದಿದ್ದರು.

"ಇಳೀಬ್ಯಾಡ್ರಿ ಅಂದೀನಲ್ಲ!" ಎಂದು ಅಂದಾನಪ್ಪ ಚೀರಿದ.

"ನೀವ ಯಾಕ ನಿಂತೀರಿ ಮತ್ತ? ಸರೀರಿ ಆ ಕಡೆ!" ಎಂದಳು ತಿಪ್ಪವ್ವ.

ಉಸುಕಿನ ಮೇಲೆ ಉಸುಕು, ಕಡಿ, ಕಲ್ಲು. ನೀರು ಕಪ್ಪಿನಿಂದ ಬೂದಿಗೆ ತಿರುಗಿತು. ಬೂದಿಯಿಂದ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ. ದಾಕ್ಷಾಯಣಿ ಬೊಗಸೆಯಲ್ಲಿ ಹಿಡಿದು ನೋಡಿದಳು, ಚೆಲ್ಲಿದಳು, ಮತ್ತೆ ಹಿಡಿದಳು. ಎಷ್ಟನೆಯ ಬೊಗಸೆಯಲ್ಲೋ ಅಂಗೈಯ ಗೆರೆಗಳು ಕಂಡವು.

ನೀರು ಮೂವತ್ತೈದಕ್ಕೆ ನಿಂತು, ಮೂರು ತಾಸು ಅಲ್ಲೇ ತೂಗಿ, ಇಳಿಯತೊಡಗಿತು. ಹೆಂಗಸರು ಕೂತಲ್ಲೇ ಕಾಲು ಚಾಚಿದರು. ಆಗ ಒಡ್ಡಿನ ನೆತ್ತಿಯ ಮೇಲೆ ಟಾಕಿಯ ಪಂಪು ತಾನಾಗಿ ಗುಂಯ್‌ಗುಟ್ಟಿತು. ಅಂದಾನಪ್ಪನ ಕೈಯಲ್ಲಿದ್ದ ಸಣ್ಣ ಪರದೆ ಕೆಂಪಗಾಗಿತ್ತು. ಒಸರು ಪತ್ತೆಯಾಗಿದೆ. ಆರೋಗ್ಯ: ಕಳಪೆ. ಸ್ಥಾನ: ಹನ್ನೊಂದು. ಜೀವಾಣುಗಳಿಗೆ ಆಹಾರ: ನಾಲ್ಕು ಪಟ್ಟು.

ದಾಕ್ಷಾಯಣಿ ದಡದಡ ಹತ್ತಿಹೋಗಿ ಟಾಕಿಯ ಕೆಳಗಿನ ಚಕ್ರ ತಿರುವಿ ಬಿಗಿದಳು. ಪಂಪು ಒದ್ದಾಡಿ ಸುಮ್ಮನಾಯಿತು. ಇಳಿದು ಬಂದಾಗ ಅಂದಾನಪ್ಪ ಇನ್ನೂ ಪರದೆಯನ್ನೇ ನೋಡುತ್ತಿದ್ದ.

"ನಿಮ್ಮದು ಕೆಳಗ ಹೋತಲ್ಲ, ಈಗ ಒಂದನೇ ನಂಬರಿಗೆ ಬ್ಯಾರೆ ಒಡ್ಡು ಬಂದೈತಿ," ಎಂದ. "ಹಿಂದಲಹಳ್ಳದ್ದು. ಒಸರು ಸೊನ್ನೆ. ಆ ಊರಿನ ಹೆಣಮಕ್ಕಳು ಹೋದ ತಿಂಗಳ ಗಾಡಿ ಮಾಡ್ಕೊಂಡ ಬಂದು ನಿಮ್ಮ ಕುಬಸ ನೋಡ್ಕೊಂಡ ಹೋಗಿದ್ರಂತ."

"ಅಲ್ಲಿಗೆ ನೆರಿ ಯಾವಾಗ?"

"ಮ್ಯಾಲಿನ ಮಳಿ ಆ ಕಡೆ ಸರದೈತಿ. ನಾಡದು ಹೊತ್ತ ಮುಣಗೂದರಾಗ."

ದಾಕ್ಷಾಯಣಿ ಹೆಂಗಸರ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ತಿಪ್ಪವ್ವ ಸೊಂಟ ಹಿಡಿದುಕೊಂಡು ಎದ್ದು ನಿಂತು, ಉಸುಕು ಮೆತ್ತಿದ ಹಾರೆಯೊಂದನ್ನು ಎತ್ತಿ ಮೌನೇಶನ ಟ್ರೇಲರಿನೊಳಗೆ ಎಸೆದಳು.

"ಅವರಿಗೆ ನೀನ ಹೇಳ," ಎಂದಳು. "ನಾವು ಅಗೀತೀವಿ."